ಹಿತ್ತಲ ಕೊಳದಲ್ಲಿ ಅಲಿಗೇಟರ್: ಫ್ಲೋರಿಡಾದ ಹಳ್ಳಿಮನೆಯಲ್ಲಿ ತಿಳಿದಿರಬೇಕಾದ ಸಂಗತಿಗಳು

ಅಮ್ಮ ಶಿವಮೊಗ್ಗದಿಂದ ಬಂದು ನಾಲ್ಕನೇ ದಿನ. ರಾತ್ರಿ ಉಳಿದ ಅನ್ನವನ್ನು ಸಣ್ಣ ಪಾತ್ರೆಗೆ ಹಾಕಿಕೊಂಡು, ಕಾಫಿಗೂ ಮೊದಲೇ ಹಿತ್ತಲ ಕೊಳದ ಕಡೆ ಹೊರಟಿದ್ದರು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕುತ್ತೇವಲ್ಲ, ಅದೇ ಖುಷಿ ಅವರಿಗೆ ಇಲ್ಲಿಯೂ ಬೇಕಿತ್ತು.

ನಾನು ಹಿಂದೆಯೇ ಓಡಿದೆ. "ಅಮ್ಮ, ಅಲ್ಲೇ ನಿಂತ್ಕೋ."

ದಂಡೆಯಿಂದ ಹದಿನೈದು ಅಡಿ ಆಚೆ, ನೀರಿನ ಮೇಲೆ ಎರಡು ಉಬ್ಬು ಕಾಣುತ್ತಿದ್ದವು. ಅದರ ಮುಂದೆ ಇನ್ನೊಂದು ಸಣ್ಣ ಉಬ್ಬು. ಒಣಗಿದ ತೆಂಗಿನ ಮಟ್ಟೆ ತೇಲುತ್ತಿದೆ ಅಂದುಕೊಳ್ಳಬೇಕು, ಹಾಗಿತ್ತು. ನಾವು ನೋಡುತ್ತಿದ್ದಂತೆ ಅದು ಸದ್ದಿಲ್ಲದೆ ಕೆಳಗಿಳಿಯಿತು. ಒಂದು ಅಲೆ ಕೂಡ ಏಳಲಿಲ್ಲ.

"ಮೊಸಳೆನಾ? ಮನೆ ಹಿಂದೆ ಮೊಸಳೆ ಇಟ್ಕೊಂಡು ಅದು ಹೇಗೋ ನಿದ್ದೆ ಬರುತ್ತೆ ನಿಂಗೆ?"

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ಫ್ಲೋರಿಡಾ, ಜಾರ್ಜಿಯಾ, ಟೆಕ್ಸಾಸ್ ಕಡೆ ಊರ ಹೊರಗೆ ಒಂದೆರಡು ಎಕರೆ ಜಾಗ, ಕೊಳ ಇರುವ ಮನೆ ಕೊಳ್ಳುವ ನಮ್ಮವರು ಈಗ ಇದ್ದಾರೆ. ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ, ಆರು ತಿಂಗಳು ಇರುತ್ತಾರೆ. ಬೆಳಗ್ಗೆ ಕತ್ತಲಿರುವಾಗಲೇ ವಾಕಿಂಗ್ ಹೊರಡುತ್ತಾರೆ. ಮೊಮ್ಮಕ್ಕಳು ನೀರು ಕಂಡರೆ ಓಡುತ್ತಾರೆ. ಅಲಿಗೇಟರ್‌ಗಳು ಚುರುಕಾಗಿರುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಈ ಪ್ರಾಣಿ ಏನು, ಹೇಗೆ ಬದುಕುತ್ತದೆ, ಯಾವಾಗ ಅಪಾಯ ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಮೊಸಳೆನಾ, ಅಲಿಗೇಟರಾ?

ಕನ್ನಡದಲ್ಲಿ ಎರಡಕ್ಕೂ ಮೊಸಳೆ ಅಂದರೆ ತಪ್ಪಿಲ್ಲ. ಒಂದೇ ಮನೆತನದ ಎರಡು ಕವಲು ಅವು. ಅಲಿಗೇಟರ್‌ನ ಮೂತಿ ಅಗಲ, ತುದಿ ದುಂಡು, ಸೌಟಿನ ಹಾಗೆ. ಇಲ್ಲಿನ ಕ್ರೊಕಡೈಲ್‌ನ ಮೂತಿ ಚೂಪು. ಬಾಯಿ ಮುಚ್ಚಿದಾಗ ಕ್ರೊಕಡೈಲ್‌ನ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣುತ್ತದೆ, ಅಲಿಗೇಟರ್‌ದು ಕಾಣುವುದಿಲ್ಲ. ಬಣ್ಣವೂ ಬೇರೆ. ಅಲಿಗೇಟರ್ ಹೆಚ್ಚುಕಡಿಮೆ ಕಪ್ಪು.

ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ, ರಾಯಚೂರಿನ ಕಡೆ ಕೃಷ್ಣೆಯಲ್ಲಿ ನಾವು ನೋಡುವುದು ಮಗ್ಗರ್. ಅದು ಕ್ರೊಕಡೈಲ್ ಕವಲಿಗೆ ಸೇರಿದ್ದು. ಆದರೆ ಮೂತಿ ಅಗಲವಾಗಿರುವುದರಿಂದ ನೋಡಲು ಅಲಿಗೇಟರ್ ಥರವೇ ಇರುತ್ತದೆ. ಅಮ್ಮನಿಗೆ ಗುರುತು ಸಿಕ್ಕಿದ್ದು ಅದಕ್ಕೇ.

ಜಗತ್ತಿನಲ್ಲಿ ಇವತ್ತು ಅಲಿಗೇಟರ್ ಇರುವುದು ಎರಡೇ ಜಾತಿ. ಒಂದು ಚೀನಾದ್ದು, ಚಿಕ್ಕದು, ಅಳಿವಿನ ಅಂಚಿನಲ್ಲಿದೆ. ಇನ್ನೊಂದು ಅಮೆರಿಕದ ಆಗ್ನೇಯ ಭಾಗದ್ದು. ಗಂಡು 14 ಅಡಿವರೆಗೂ ಬೆಳೆಯಬಹುದು. ಹೆಣ್ಣು 10 ಅಡಿ ದಾಟುವುದು ಅಪರೂಪ. ಉಪ್ಪುನೀರು ಇದಕ್ಕೆ ಹೆಚ್ಚು ಕಾಲ ಒಗ್ಗುವುದಿಲ್ಲ, ಮೈಯಲ್ಲಿ ಸೇರಿದ ಉಪ್ಪನ್ನು ಹೊರಹಾಕುವ ವ್ಯವಸ್ಥೆ ಕ್ರೊಕಡೈಲ್‌ಗೆ ಇರುವಷ್ಟು ಇದಕ್ಕಿಲ್ಲ. ಹಾಗಾಗಿ ಸಮುದ್ರಕ್ಕಿಂತ ಕೆರೆ, ಜೌಗು, ಹಳ್ಳ, ಹೊಂಡ ಇವೇ ಇದರ ಜಾಗ. ನಮ್ಮ ಮನೆಯ ಕೊಳವೂ ಅದರಲ್ಲಿ ಒಂದು.

ನಮ್ಮ ಕೊಳಕ್ಕೆ ಬಂದಿದ್ದು ಎಲ್ಲಿಂದ?

ಫ್ಲೋರಿಡಾ ನೆಲ ತಟ್ಟೆಯ ಹಾಗೆ ಸಮತಟ್ಟು. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಮನೆ ಕಟ್ಟುವವರು ಒಂದು ಕಡೆ ಮಣ್ಣು ತೆಗೆದು, ಅದನ್ನು ಮನೆ ಜಾಗಕ್ಕೆ ತುಂಬಿ ಎತ್ತರ ಮಾಡುತ್ತಾರೆ. ಮಣ್ಣು ತೆಗೆದ ಜಾಗ ಕೊಳವಾಗುತ್ತದೆ. ಕೆಲವು ಕೊಳ ದನ ಕುದುರೆಗೆ ನೀರು ಕುಡಿಸಲೆಂದೇ ತೋಡಿದ್ದು. ನಮ್ಮಲ್ಲಿ ಕೃಷಿ ಹೊಂಡ ಮಾಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಒಂದೆರಡು ವರ್ಷದಲ್ಲಿ ಮೀನು, ಕಪ್ಪೆ, ಆಮೆ, ಕೊಕ್ಕರೆ ಬರುತ್ತವೆ. ಅವುಗಳ ಹಿಂದೆಯೇ ಅಲಿಗೇಟರ್ ಬರುತ್ತದೆ.

ಯಾರೂ ತಂದು ಬಿಡುವುದಿಲ್ಲ. ಅದು ನಡೆದೇ ಬರುತ್ತದೆ. ನೀರು ಬತ್ತಿದಾಗ, ಜೋರು ಮಳೆ ಬಿದ್ದಾಗ, ವಸಂತದಲ್ಲಿ ಜೋಡಿ ಹುಡುಕುವಾಗ ರಾತ್ರಿ ಹೊತ್ತು ಒಂದು ಕೊಳದಿಂದ ಇನ್ನೊಂದಕ್ಕೆ ದಾಟುತ್ತದೆ. ಫ್ಲೋರಿಡಾದ 67 ಕೌಂಟಿಗಳಲ್ಲೂ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಇವೆ. ರಾಜ್ಯದಲ್ಲಿ ಸುಮಾರು 13 ಲಕ್ಷ ಅಲಿಗೇಟರ್‌ಗಳಿವೆ ಎಂದು ಸರ್ಕಾರದ ವನ್ಯಜೀವಿ ಇಲಾಖೆ ಅಂದಾಜಿಸುತ್ತದೆ. ಗೇನ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಇದೇನೂ ಹೊಸದಲ್ಲ. ಕ್ಯಾಂಪಸ್ಸಿನ ಒಳಗೇ ಇರುವ ಲೇಕ್ ಆಲಿಸ್ ಎಂಬ ಕೆರೆಯಲ್ಲಿ ಅಲಿಗೇಟರ್‌ಗಳಿವೆ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. ಚರ್ಮಕ್ಕಾಗಿ ಬೇಟೆಯಾಡಿ ಎಷ್ಟು ಕೊಂದರೆಂದರೆ, 1967ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಬೇಟೆ ನಿಂತಿತು, ಸಂಖ್ಯೆ ಏರಿತು. 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಎಂದು ಘೋಷಿಸಿದರು. ಆದರೂ ಕಾನೂನಿನ ರಕ್ಷಣೆ ಇನ್ನೂ ಇದೆ. ಕೊಳ ನಿಮ್ಮದೇ ಜಾಗದಲ್ಲಿದ್ದರೂ ಪರವಾನಗಿ ಇಲ್ಲದೆ ಅಲಿಗೇಟರನ್ನು ಕೊಲ್ಲುವುದು, ಹಿಡಿಯುವುದು, ಮೊಟ್ಟೆ ಮುಟ್ಟುವುದು ಅಪರಾಧ.

ಹೊಸದಾಗಿ ಬಂದವರು ಕೇಳುವ ಪ್ರಶ್ನೆ: ಇರುವುದನ್ನು ತೆಗೆಸಿಬಿಟ್ಟರೆ ಕೊಳ ಖಾಲಿ ಆಗುವುದಿಲ್ವಾ? ಆಗುತ್ತದೆ, ಸ್ವಲ್ಪ ದಿನಕ್ಕೆ. ಮೀನು, ಆಮೆ ಇರುವ ತನಕ ಇನ್ನೊಂದು ಬರುತ್ತದೆ. ಹಾಗಾಗಿ ಇಲ್ಲಿಯವರು ಮೊದಲು ಕಲಿಸುವುದು ಒಂದೇ ಮಾತು: ಕಾಣದಿದ್ದರೂ ಇದೆ ಅಂತಲೇ ಲೆಕ್ಕ.

ಬಿಸಿಲಿನ ಲೆಕ್ಕ

ಅಲಿಗೇಟರ್ ಯಾವಾಗ ಏನು ಮಾಡುತ್ತದೆ ಅನ್ನುವುದು ಅರ್ಥವಾಗಬೇಕಾದರೆ ಒಂದು ವಿಷಯ ಗೊತ್ತಿರಬೇಕು. ನಮ್ಮ ಮೈ ಬಿಸಿ ಒಳಗಿನಿಂದ ಬರುತ್ತದೆ. ತಿಂದ ಅನ್ನ ಉರಿದು ಶಾಖ ಆಗುತ್ತದೆ. ಅಲಿಗೇಟರ್‌ಗೆ ಶಾಖ ಹೊರಗಿನಿಂದ ಬರಬೇಕು. ಮನೆ ಮಾಳಿಗೆ ಮೇಲಿನ ಸೋಲಾರ್ ವಾಟರ್ ಹೀಟರ್ ಥರ ಅಂದುಕೊಳ್ಳಿ. ಬಿಸಿಲಿದ್ದರೆ ಬಿಸಿನೀರು, ಮೋಡ ಕವಿದರೆ ತಣ್ಣೀರು.

ಸುಮಾರು 28ರಿಂದ 33 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹದ. ಆಗ ಓಡಾಟ, ಬೇಟೆ, ಜೀರ್ಣ ಎಲ್ಲ ಚುರುಕು. 21 ಡಿಗ್ರಿಗಿಂತ ಕೆಳಗಿಳಿದರೆ ತಿನ್ನುವುದನ್ನೇ ನಿಲ್ಲಿಸುತ್ತದೆ. ತಿಂದದ್ದು ಅರಗಲು ಬೇಕಾದ ಶಾಖ ಇಲ್ಲವಲ್ಲ. 13 ಡಿಗ್ರಿಗಿಂತ ಕಡಿಮೆಯಾದರೆ ದಂಡೆಯಲ್ಲಿ ತೋಡಿಕೊಂಡ ಬಿಲದಲ್ಲೋ ನೀರಿನ ತಳದಲ್ಲೋ ಸುಮ್ನೆ ಬಿದ್ದಿರುತ್ತದೆ. ಉತ್ತರ ಕೆರೊಲೈನಾದಲ್ಲಿ ಜೌಗಿನ ಮೇಲೆ ಮಂಜುಗಡ್ಡೆ ಕಟ್ಟಿದಾಗ ಮೂತಿಯ ತುದಿ ಮಾತ್ರ ಹೊರಗಿಟ್ಟು, ಉಳಿದ ಮೈ ನೀರಿನೊಳಗೆ ನೇತಾಡಿಸಿಕೊಂಡು ಉಸಿರಾಡುತ್ತ ದಿನ ಕಳೆದದ್ದನ್ನು ಜನ ನೋಡಿದ್ದಾರೆ.

ಇದರಿಂದ ನಮಗೆ ಎರಡು ಸಂಗತಿ ತಿಳಿಯುತ್ತದೆ. ಮೊದಲನೆಯದು, ಹಗಲು ದಂಡೆಯ ಮೇಲೆ ಮಲಗಿರುವ ಅಲಿಗೇಟರ್ ಹೊಂಚು ಹಾಕುತ್ತಿಲ್ಲ, ಮೈ ಕಾಯಿಸುತ್ತಿದೆ. ಬಾಯಿ ಅಗಲಕ್ಕೆ ತೆರೆದುಕೊಂಡು ಅಲ್ಲಾಡದೆ ಮಲಗಿದ್ದರೆ ಸಾಮಾನ್ಯವಾಗಿ ಅದು ಸಿಟ್ಟಲ್ಲ. ಮೈ ಬಿಸಿ ಹೆಚ್ಚಾಗದ ಹಾಗೆ ನೋಡಿಕೊಳ್ಳುವ ದಾರಿ, ನಾಯಿ ನಾಲಿಗೆ ಚಾಚುವ ಹಾಗೆ. ನಿಮ್ಮನ್ನು ನೋಡಿ ಬುಸ್ ಎಂದು ಜೋರಾಗಿ ಉಸಿರು ಬಿಟ್ಟರೆ ಮಾತ್ರ ಅದು ಎಚ್ಚರಿಕೆ.

ಎರಡನೆಯದು ಹಸಿವು. ಮೈ ಬಿಸಿ ಇಡಲು ಉರಿಸಬೇಕಾದ ಊಟ ಇಲ್ಲವಾದ್ದರಿಂದ ಇದಕ್ಕೆ ಬೇಕಾಗುವುದೇ ಕಡಿಮೆ. ವಾರಕ್ಕೊಮ್ಮೆ ಹೊಟ್ಟೆ ತುಂಬಿದರೂ ನಡೆಯುತ್ತದೆ. ಮೀನು, ಆಮೆ, ಹಾವು, ಬಸವನ ಹುಳು, ಹಕ್ಕಿ, ಸಣ್ಣ ಪ್ರಾಣಿ, ಸಿಕ್ಕಿದ್ದು ತಿನ್ನುತ್ತದೆ. ಸದಾ ಹಸಿದು ಬಾಯಿ ಬಿಟ್ಟುಕೊಂಡಿರುವ ರಾಕ್ಷಸ ಅನ್ನುವ ಚಿತ್ರ ನಿಜವಲ್ಲ.

ವರ್ಷದಲ್ಲಿ ಏನೇನು ಆಗುತ್ತದೆ

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ನಿಂತಾಗ ಮೊದಲ ಸಲ ಆ ಸದ್ದು ಕೇಳಿದೆ. ಹಳೇ ಬುಲೆಟ್ ಬೈಕನ್ನು ಯಾರೋ ದೂರದಲ್ಲಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದಾರೆ ಅನ್ನಿಸಿತು. ಕಿಟಕಿಯಿಂದ ನೋಡಿದರೆ ಕೊಳದ ನಡುವೆ ದೊಡ್ಡದೊಂದು ಗಂಡು ಅಲಿಗೇಟರ್, ಈಗ ಇರುವುದಲ್ಲ. ತಲೆ ಮೇಲಕ್ಕೆ, ಬಾಲ ಮೇಲಕ್ಕೆ, ಮೈ ದೋಣಿಯ ಹಾಗೆ ಬಾಗಿತ್ತು. ಗುಡುಗು ಶುರುವಾಗುವ ಒಂದು ಕ್ಷಣ ಮೊದಲು ಅದರ ಬೆನ್ನ ಮೇಲಿನ ನೀರು ಕುದಿಯುವಂತೆ ಹನಿಹನಿಯಾಗಿ ಮೇಲೆ ಚಿಮ್ಮಿತು.

ಗಂಡು ಅಲಿಗೇಟರ್ ಮೊದಲು ನಮ್ಮ ಕಿವಿಗೆ ಕೇಳದಷ್ಟು ದಪ್ಪ ದನಿ ಹೊರಡಿಸುತ್ತದೆ. ಮೆರವಣಿಗೆಯ ಡೊಳ್ಳು ಪಕ್ಕದಲ್ಲಿ ಹಾದುಹೋದಾಗ ಎದೆಯೊಳಗೆ ಗುಂಯ್ ಅನ್ನುತ್ತದಲ್ಲ, ಅಂಥ ಕಂಪನ. ನೀರಿನಲ್ಲಿ ಅದು ತುಂಬಾ ದೂರ ಹೋಗುತ್ತದೆ. ಬೆನ್ನಿನ ಮೇಲೆ ನೀರು ಕುಣಿಯುವುದು ಆ ಕಂಪನದಿಂದಲೇ. ಹೆಣ್ಣುಗಳೂ ಗುಡುಗುತ್ತವೆ, ಆದರೆ ನೀರು ಕುಣಿಸುವುದು ಗಂಡು.

ಮೇ, ಜೂನ್‌ನಲ್ಲಿ ಕೂಡುವ ಕಾಲ. ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ ಹೆಣ್ಣು ಗೂಡು ಕಟ್ಟುತ್ತದೆ. ಗೂಡು ಅಂದರೆ ಹುಲ್ಲು, ಎಲೆ, ಕೆಸರು ಸೇರಿಸಿ ಮಾಡಿದ ಗುಡ್ಡೆ. ನಮ್ಮ ಹಿತ್ತಲ ತಿಪ್ಪೆಯನ್ನು ನೆನಪಿಸಿಕೊಳ್ಳಿ. ಬೆಳಗ್ಗೆ ಕೆದಕಿದರೆ ಹಬೆ ಏಳುತ್ತದೆ ಅಲ್ವಾ? ಕೊಳೆಯುವ ಎಲೆಗಳ ಆ ಶಾಖವೇ ಮೊಟ್ಟೆಗೆ ಕಾವು. ಸುಮಾರು 35ರಿಂದ 40 ಮೊಟ್ಟೆ ಇಡುತ್ತದೆ. ಒಳಗೆ ಬಿಸಿ 30 ಡಿಗ್ರಿ ಆಸುಪಾಸು ಇದ್ದರೆ ಹೆಣ್ಣು ಮರಿ, 33 ಡಿಗ್ರಿ ಆಸುಪಾಸು ಇದ್ದರೆ ಗಂಡು. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ತಿಪ್ಪೆಯ ಶಾಖ ತೀರ್ಮಾನಿಸುತ್ತದೆ ಎಂದು ಅಮ್ಮನಿಗೆ ಹೇಳಿದರೆ ಅವರು ನಂಬಲೇ ಇಲ್ಲ.

ಎರಡು ತಿಂಗಳಿಗೆ ಮರಿಯಾಗುತ್ತದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಗೂಡಿನೊಳಗಿಂದ ಕೀಚ್ ಕೀಚ್ ಸದ್ದು. ತಾಯಿ ಗುಡ್ಡೆ ಬಿಡಿಸಿ, ಗೇಣುದ್ದದ ಮರಿಗಳನ್ನು ಬಾಯಲ್ಲೇ ಎತ್ತಿಕೊಂಡು ನೀರಿಗೆ ಬಿಡುತ್ತದೆ. ಮೈ ಮೇಲೆ ಹಳದಿ ಪಟ್ಟೆ, ನೋಡಲು ಮುದ್ದು. ಆದರೆ ಅದೇ ದೊಡ್ಡ ಅಪಾಯ. ಮರಿ ಕೂಗಿದರೆ ತಾಯಿ ಬಂದೇ ಬರುತ್ತದೆ. ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಅವುಗಳನ್ನು ಕಾಯುತ್ತದೆ. ಅಷ್ಟು ಕಾದರೂ ಒಂದು ಗೂಡಿನಿಂದ ಆರಡಿ ಬೆಳೆಯುವ ತನಕ ಉಳಿಯುವುದು ಸುಮಾರು ಐದು ಮಾತ್ರ. ಕೊಕ್ಕರೆ, ರಕೂನ್ ಎಂಬ ಇಲ್ಲಿನ ಸಣ್ಣ ಕಾಡುಪ್ರಾಣಿ, ದೊಡ್ಡ ಮೀನು, ದೊಡ್ಡ ಅಲಿಗೇಟರ್, ಎಲ್ಲವೂ ಮರಿಗಳನ್ನು ತಿನ್ನುತ್ತವೆ.

ಅಪಾಯ ಎಷ್ಟು, ಎಲ್ಲಿ?

ಫ್ಲೋರಿಡಾದಲ್ಲಿ ತಾನಾಗಿ ಬಂದು ಕಚ್ಚಿ, ಆಸ್ಪತ್ರೆಗೆ ಹೋಗಬೇಕಾದಂಥ ಘಟನೆಗಳು ವರ್ಷಕ್ಕೆ ಸರಾಸರಿ 8. ಇಲ್ಲಿ ವಾಸಿಸುವ ಒಬ್ಬರಿಗೆ ಹಾಗೆ ಆಗುವ ಸಂಭವ ಸುಮಾರು 31 ಲಕ್ಷದಲ್ಲಿ ಒಂದು ಎಂದು ಇಲಾಖೆ ಹೇಳುತ್ತದೆ. ಕೋಟಿಗಟ್ಟಲೆ ಜನ, ಲಕ್ಷಗಟ್ಟಲೆ ಅಲಿಗೇಟರ್ ಒಟ್ಟಿಗೆ ಇರುವ ಜಾಗಕ್ಕೆ ಇದು ತುಂಬಾ ಕಡಿಮೆ.

ಆದರೆ ಈ ಸರಾಸರಿ ಎಲ್ಲ ಕಡೆಗೂ ಒಂದೇ ಅಲ್ಲ. ಸಾಗುವಾನಿ ಬಾಗಿಲ ಹಿಂದೆ ಕೂತವರಿಗೂ, ಸಂಜೆಗತ್ತಲಲ್ಲಿ ನೀರಿನ ಅಂಚಿನಲ್ಲಿ ನಾಯಿ ಹಿಡಿದು ನಡೆಯುವವರಿಗೂ ಅಪಾಯ ಬೇರೆ ಬೇರೆ. ಗಜೇಂದ್ರನ ಕಥೆ ನೆನಪಿಸಿಕೊಳ್ಳಿ. ಆನೆಯಂಥ ಆನೆಯನ್ನು ಮೊಸಳೆ ಹಿಡಿದದ್ದು ದಾರಿಯಲ್ಲಲ್ಲ, ಕೊಳಕ್ಕೆ ಇಳಿದಾಗ. ಅಲಿಗೇಟರ್ ಬೇಟೆಯಾಡುವುದೂ ಹಾಗೆಯೇ. ಅಟ್ಟಿಸಿಕೊಂಡು ಹೋಗುವ ಪ್ರಾಣಿ ಇದಲ್ಲ. ನೀರಿನೊಳಗೆ ಮುಳುಗಿ ಅಂಚಿಗೆ ಬರುತ್ತದೆ, ಒಂದೇ ನೆಗೆತಕ್ಕೆ ಹಿಡಿಯುತ್ತದೆ, ನೀರಿಗೆ ಎಳೆಯುತ್ತದೆ.

ಅದಕ್ಕೆ ನೀರಿನ ಅಲುಗಾಟ ಗೊತ್ತಾಗುವುದು ದವಡೆಯಿಂದ. ದವಡೆಯ ಸುತ್ತ ಸಾಸಿವೆಯಂಥ ಸಣ್ಣ ಕಪ್ಪು ಚುಕ್ಕೆಗಳಿವೆ. ಒಂದು ಹನಿ ಬಿದ್ದ ಅಲೆ ಕೂಡ ಅವಕ್ಕೆ ತಾಗುತ್ತದೆ. ಕತ್ತಲಲ್ಲಿ ನಾಯಿ ನೀರು ಕುಡಿಯುವ ಲಪಲಪ ಸದ್ದು, ಮಗು ಕಾಲು ಆಡಿಸುವುದು ಅದಕ್ಕೆ ಕರೆ ಕೊಟ್ಟ ಹಾಗೆ. 2016ರ ಜೂನ್‌ನಲ್ಲಿ ಒರ್ಲಾಂಡೊ ಬಳಿಯ ರೆಸಾರ್ಟ್ ಒಂದರಲ್ಲಿ ಎರಡು ವರ್ಷದ ಮಗು ಸತ್ತದ್ದು ರಾತ್ರಿ ಹೊತ್ತಿನಲ್ಲಿ, ನೀರಿನ ಅಂಚಿನಲ್ಲಿ. 2023ರ ಫೆಬ್ರವರಿಯಲ್ಲಿ ಫೋರ್ಟ್ ಪಿಯರ್ಸ್‌ನಲ್ಲಿ 85 ವರ್ಷದ ಅಜ್ಜಿ ಕೊಳದ ಪಕ್ಕ ನಾಯಿ ಜೊತೆ ನಡೆಯುತ್ತಿದ್ದರು. ಅಲಿಗೇಟರ್ ಬಂದದ್ದು ನಾಯಿಗೆ, ಬಿಡಿಸಲು ಹೋಗಿ ಅವರು ಜೀವ ಕಳೆದುಕೊಂಡರು. ಎರಡೂ ಕಡೆ ಜಾಗ ಒಂದೇ: ದಂಡೆ.

ದೊಡ್ಡ ಮನುಷ್ಯ ನೆಟ್ಟಗೆ ನಿಂತರೆ ಅಲಿಗೇಟರ್ ಕಣ್ಣಿಗೆ ಬೇಟೆಯ ಥರ ಕಾಣುವುದಿಲ್ಲ. ನಾಯಿ, ಮಗು, ಬಗ್ಗಿ ಪಾತ್ರೆ ತೊಳೆಯುವವರು, ಈಜುತ್ತ ತಲೆ ಮಾತ್ರ ಮೇಲಿಟ್ಟವರು ಅದು ದಿನಾ ಹಿಡಿಯುವ ಪ್ರಾಣಿಗಳ ಗಾತ್ರದಲ್ಲೇ ಕಾಣುತ್ತಾರೆ.

ಒಂದು ತುತ್ತು ಅನ್ನ ಹಾಕಿದರೆ ಏನಾಗುತ್ತದೆ?

ಇಷ್ಟು ಹೇಳಿದರೂ ಅಮ್ಮನ ಪ್ರಶ್ನೆ ಹಾಗೇ ಇತ್ತು. "ನಾನು ಹಾಕೋದು ಮೀನಿಗೆ. ಅದಕ್ಕೂ ಮೊಸಳೆಗೂ ಏನು ಸಂಬಂಧ?"

ಇಡೀ ಲೇಖನದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸುವ ಭಾಗ ಇದು. ಕಾಡಿನ ಅಲಿಗೇಟರ್‌ಗೆ ಮನುಷ್ಯರೆಂದರೆ ಹುಟ್ಟಿನಿಂದಲೇ ಹೆದರಿಕೆ. ನಾವು ಹತ್ತಿರ ಹೋದರೆ ಅದು ನೀರಿಗೆ ಜಾರುತ್ತದೆ. ನಮ್ಮ ಮನೆ ಮಂದಿಯನ್ನು ಕಾಯುತ್ತಿರುವುದು ಆ ಹೆದರಿಕೆಯೇ. ಬೇಲಿಗಿಂತ, ಬಂದೂಕಿಗಿಂತ ದೊಡ್ಡ ರಕ್ಷಣೆ ಅದು.

ಊಟ ಆ ಹೆದರಿಕೆಯನ್ನು ಕರಗಿಸುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕೋತಿಗಳನ್ನು ನೋಡಿದ್ದೀರಲ್ಲ? ಪ್ರವಾಸಿಗರು ಬಾಳೆಹಣ್ಣು ಕೊಟ್ಟರು. ಕೋತಿ ಕಾರು ನಿಂತ ಕೂಡಲೇ ಬರುವುದನ್ನು ಕಲಿಯಿತು. ಆಮೇಲೆ ಕೊಡದವರ ಕೈಯಿಂದಲೂ ಕಿತ್ತುಕೊಳ್ಳತೊಡಗಿತು. ಅಲಿಗೇಟರ್ ಕೂಡ ಹಾಗೆಯೇ ಕಲಿಯುತ್ತದೆ. ಮನುಷ್ಯ ದಂಡೆಗೆ ಬಂದರೆ ಊಟ ಬರುತ್ತದೆ. ಕೋತಿ ಕಿತ್ತುಕೊಳ್ಳುವುದು ಚೀಲ. ಇದರ ಬಾಯಲ್ಲಿ ಸುಮಾರು 80 ಹಲ್ಲುಗಳಿವೆ, ದವಡೆಯ ಕಚ್ಚುವ ಶಕ್ತಿ ಪ್ರಾಣಿಲೋಕದಲ್ಲೇ ಮೇಲಿನ ಸಾಲಿನದು.

ಮೀನಿಗೆ ಹಾಕಿದರೂ ಫಲ ಅದೇ. ಅನ್ನ ಬಿದ್ದ ಕಡೆ ಮೀನು ಸೇರುತ್ತದೆ, ಮೀನಿನ ಹಿಂದೆ ಆಮೆ, ಆಮೆಯ ಹಿಂದೆ ಅಲಿಗೇಟರ್. ದಿನಾ ಬೆಳಗ್ಗೆ ಆರಕ್ಕೆ, ಅದೇ ಜಾಗದಲ್ಲಿ, ಅದೇ ಕಾಲ ಸಪ್ಪಳ. ಸ್ವಲ್ಪ ದಿನದಲ್ಲೇ ಅದಕ್ಕೆ ಲೆಕ್ಕ ಸಿಕ್ಕಿಬಿಡುತ್ತದೆ. ಮೀನು ಹಿಡಿದು ಅಲ್ಲೇ ಸೀಳಿ, ಕರುಳನ್ನು ನೀರಿಗೆ ಎಸೆಯುವುದು ಇನ್ನೂ ಕೆಟ್ಟದ್ದು. ಫ್ಲೋರಿಡಾದಲ್ಲಿ ಅಲಿಗೇಟರ್‌ಗೆ ಊಟ ಹಾಕುವುದು ಕಾನೂನಿಗೆ ವಿರುದ್ಧ. ದಂಡ ಮಾತ್ರ ಅಲ್ಲ, ಜೈಲೂ ಆಗಬಹುದು.

ಅನಂತಪುರದ ಬಬಿಯಾ ಏನು ಹಾಗಾದರೆ, ಎಂದು ಅಮ್ಮ ಕೇಳಿದರು. ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮಗ್ಗರ್ ಅದು. ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಟ್ಟಿಲ್ಲ ಎಂದು ಊರವರು ಹೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಜನ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಅತ್ತರು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಒಂದು ಕೆರೆ, ಒಂದು ಪ್ರಾಣಿ, ದಶಕಗಟ್ಟಲೆ ಅದರ ಸ್ವಭಾವ ಬಲ್ಲ ಅರ್ಚಕರು. ನಮ್ಮ ಕೊಳಕ್ಕೆ ಇವತ್ತು ಬಂದಿರುವುದು ಒಂದು, ನಾಳೆ ರಾತ್ರಿ ನಡೆದು ಬರುವುದು ಇನ್ನೊಂದು. ಯಾವುದನ್ನೂ ನಾವು ಬಲ್ಲವರಲ್ಲ.

ಊಟ ಹಾಕಿಸಿಕೊಂಡ ಅಲಿಗೇಟರ್‌ಗೂ ಇದರಿಂದ ಒಳ್ಳೆಯದಾಗುವುದಿಲ್ಲ. ಮನುಷ್ಯರ ಹತ್ತಿರ ಬರತೊಡಗಿದ ಕೂಡಲೇ ಯಾರೋ ದೂರು ಕೊಡುತ್ತಾರೆ. ದೂರು ಬಂದದ್ದನ್ನು ಹಿಡಿದು ಕೊಲ್ಲುತ್ತಾರೆ.

ಕೊಳದ ಸುತ್ತ ಏನು ಮಾಡಬಹುದು

ನೀರಿನ ಅಂಚಿನ ಹುಲ್ಲು, ಜೊಂಡು ಸವರಿಡಿ. ಅಲಿಗೇಟರ್ ಅಡಗುವುದು ಅಲ್ಲಿ. ಪೂರ್ತಿ ಬೋಳಿಸಬೇಕಿಲ್ಲ, ನೀವು ನಡೆಯುವ ಕಡೆ ದಂಡೆ ಸ್ಪಷ್ಟವಾಗಿ ಕಂಡರೆ ಸಾಕು. ಮನೆ ಮತ್ತು ಕೊಳದ ನಡುವೆ ಬೇಲಿ ಹಾಕಿಸುವುದು ಒಳ್ಳೆಯದು. ಐದಡಿ ಎತ್ತರ ಇರಲಿ, ಕಣ್ಣು ಸಣ್ಣದಿರಲಿ, ಕೆಳಗೆ ಸಂದಿ ಬೇಡ. ತಂತಿ ಬೇಲಿಯನ್ನು ಅಲಿಗೇಟರ್ ಹತ್ತುತ್ತದೆ, ನೋಡಿದರೇ ನಂಬಬೇಕು. ಅದಕ್ಕೆ ಮೇಲಿನ ತುದಿಯನ್ನು ಕೊಳದ ಕಡೆಗೆ ಬಾಗಿಸುತ್ತಾರೆ. ಬೇಲಿ ಹಾಕಿದರೂ ಮಕ್ಕಳನ್ನು ಒಂಟಿಯಾಗಿ ಬಿಡುವಂತಿಲ್ಲ.

ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ದಂಡೆಗೆ ಹೋಗಬೇಡಿ. ಅದು ಬೇಟೆಯ ಹೊತ್ತು. ಅಪ್ಪ ಅಮ್ಮನ ವಾಕಿಂಗ್ ಬಿಸಿಲು ಬಂದ ಮೇಲೆ, ರಸ್ತೆ ಕಡೆ. ನಾಯಿಗೆ ಹಗ್ಗ ಇರಲಿ, ಕೊಳದ ನೀರು ಕುಡಿಸಬೇಡಿ. ಅಲಿಗೇಟರ್ ಕಂಡರೆ ಕಡೇಪಕ್ಷ 60 ಅಡಿ ದೂರ ಇರಿ. ಫೋಟೊಗೆ ಫೋನಿನ ಜೂಮ್ ಇದೆ.

ಚಂಡಮಾರುತದ ನಂತರ ಮಾತ್ರ ಈ ಲೆಕ್ಕ ಎಲ್ಲ ಬದಲಾಗುತ್ತದೆ. ನೀರು ಅಂಗಳಕ್ಕೆ ಬಂದರೆ ಅಂಗಳವೇ ಕೊಳ. 2021ರಲ್ಲಿ ಇಡಾ ಚಂಡಮಾರುತ ಬಂದಾಗ ಲೂಸಿಯಾನಾದ ಸ್ಲೈಡೆಲ್ ಬಳಿ ಒಬ್ಬರು ಸತ್ತದ್ದು ಮನೆ ಸುತ್ತ ನಿಂತ ನೆರೆ ನೀರಿನಲ್ಲಿ. ಮೊಣಕಾಲುದ್ದ ನೀರು ಇದ್ದರೂ ಇಳಿಯಬೇಡಿ.

ಎಷ್ಟು ಉದ್ದ ಇದೆ? ಯಾರಿಗೆ ಫೋನ್ ಮಾಡಬೇಕು?

ನೀರಿನಲ್ಲಿ ತಲೆ ಮಾತ್ರ ಕಾಣುವಾಗ ಉದ್ದ ತಿಳಿಯುವುದು ಹೇಗೆ? ಇಲ್ಲಿಯವರಿಗೆ ಒಂದು ಸುಲಭ ಲೆಕ್ಕ ಗೊತ್ತಿದೆ. ಕಣ್ಣಿನಿಂದ ಮೂಗಿನ ತುದಿವರೆಗೆ ಎಷ್ಟು ಇಂಚೋ, ಒಟ್ಟು ಮೈ ಸುಮಾರು ಅಷ್ಟು ಅಡಿ. ಮೂರಿಂಚು ಇದ್ದರೆ ಮೂರಡಿ, ಎಂಟಿಂಚು ಇದ್ದರೆ ಎಂಟಡಿ. ರಾತ್ರಿ ವರಾಂಡದಿಂದ ಟಾರ್ಚ್ ಬಿಟ್ಟರೆ ಎಷ್ಟಿವೆ ಅನ್ನುವುದೂ ತಿಳಿಯುತ್ತದೆ. ಬೆಳಕು ಬಿದ್ದ ಕಣ್ಣು ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ.

ಉದ್ದ ಯಾಕೆ ಮುಖ್ಯ ಅಂದರೆ, ನಾಲ್ಕಡಿ ಒಂದು ಗೆರೆ. ಅದಕ್ಕಿಂತ ಚಿಕ್ಕದು, ನಾವು ಹಿಡಿಯಲು ಹೋಗದಿದ್ದರೆ, ಸಾಮಾನ್ಯವಾಗಿ ಮನುಷ್ಯರಿಗೆ ದೊಡ್ಡ ಅಪಾಯ ಮಾಡುವುದಿಲ್ಲ. ನಾಲ್ಕಡಿ ಅಥವಾ ಅದಕ್ಕಿಂತ ದೊಡ್ಡದು ಜನರಿಗೆ, ಸಾಕುಪ್ರಾಣಿಗೆ, ಆಸ್ತಿಗೆ ಅಪಾಯ ಎಂದು ನಿಮಗೆ ಅನ್ನಿಸಿದರೆ ಫ್ಲೋರಿಡಾ ವನ್ಯಜೀವಿ ಇಲಾಖೆಯ ಸಹಾಯವಾಣಿ 866-392-4286ಕ್ಕೆ ಫೋನ್ ಮಾಡಬೇಕು. ಅವರು ಗುತ್ತಿಗೆಯ ಮೇಲೆ ಕೆಲಸ ಮಾಡುವ ಹಿಡಿಯುವವರನ್ನು ಕಳಿಸುತ್ತಾರೆ. ಮನೆಯವರು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಲಗಿದೆ, ತೇಲುತ್ತಿದೆ ಅನ್ನುವುದಷ್ಟೇ ದೂರಿಗೆ ಕಾರಣ ಅಲ್ಲ. ಜನರನ್ನು ಕಂಡು ಹತ್ತಿರ ಬರುತ್ತಿದೆ, ನಾಯಿಯ ಹಿಂದೆ ಬಿದ್ದಿದೆ, ಅಂಗಳದಲ್ಲಿ ಬೀಡು ಬಿಟ್ಟಿದೆ ಅಂದರೆ ಕಾರಣ.

ಹಿಡಿದದ್ದನ್ನು ದೂರದ ಕಾಡಿಗೆ ಬಿಡಬಾರದಾ? ಬಿಟ್ಟರೆ ದಾರಿ ಹುಡುಕಿಕೊಂಡು ವಾಪಸ್ ಬರುತ್ತವೆ. ಬರುವ ದಾರಿಯಲ್ಲಿ ಇನ್ನೊಬ್ಬರ ಅಂಗಳ, ಹೆದ್ದಾರಿ ದಾಟುತ್ತವೆ. ಒಳ್ಳೆಯ ಜಾಗಗಳಲ್ಲಿ ಈಗಾಗಲೇ ಇರುವ ಅಲಿಗೇಟರ್‌ಗಳು ಹೊಸದನ್ನು ಬಿಟ್ಟುಕೊಳ್ಳುವುದೂ ಇಲ್ಲ. ಹಾಗಾಗಿ ದೊಡ್ಡವನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ಚರ್ಮ, ಮಾಂಸ ಹಿಡಿದವರಿಗೆ ಸೇರುತ್ತದೆ. ಫೋನ್ ಮಾಡುವ ಮುನ್ನ ಇದು ಗೊತ್ತಿರಲಿ. ಬೇಕಾದಾಗ ಮಾಡಲು ಹಿಂಜರಿಯಲೂ ಬೇಡಿ.

ಎದುರಿಗೇ ಸಿಕ್ಕರೆ

ನೆಲದ ಮೇಲೆ ಸಿಕ್ಕರೆ, ಅದು ಬುಸುಗುಟ್ಟಿದರೆ, ಹಿಂದಕ್ಕೆ ಸರಿಯಿರಿ. ಅದಕ್ಕೂ ನೀರಿಗೂ ನಡುವೆ ನಿಲ್ಲಬೇಡಿ. ಓಡಲೇಬೇಕಾದರೆ ನೇರವಾಗಿ ಓಡಿ. ಹಾವಿನ ನಡೆಯಂತೆ ಅಡ್ಡಾದಿಡ್ಡಿ ಓಡಬೇಕು ಎಂಬ ಮಾತು ಇಲ್ಲಿಯೂ ಇದೆ, ಅದು ತಪ್ಪು. ನೆಲದ ಮೇಲೆ ಅದು ಕೆಲವು ಹೆಜ್ಜೆ ಜೋರಾಗಿ ಬರಬಹುದು, ಬೇಗ ಸುಸ್ತಾಗುತ್ತದೆ. ಕಚ್ಚಿ ಹಿಡಿದರೆ ಸುಮ್ಮನಿರಬಾರದು. ಕಣ್ಣಿಗೆ ಬೆರಳು ಚುಚ್ಚಿ, ಮೂತಿಗೆ ಗುದ್ದಿ, ಕೂಗಿ. ಬೇಟೆ ತಿರುಗಿಬಿದ್ದರೆ ಅದು ಬಿಡುವ ಸಂಭವ ಇದೆ. ಗಾಯ ಸಣ್ಣದಾದರೂ ಆಸ್ಪತ್ರೆಗೆ ಹೋಗಲೇಬೇಕು, ಅದರ ಬಾಯಲ್ಲಿ ನಂಜು ಜಾಸ್ತಿ.

ಇದ್ದರೆ ಏನು ಉಪಯೋಗ?

ದಕ್ಷಿಣ ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಚಳಿಗಾಲವೇ ಒಣಗಾಲ. ನೀರು ಇಳಿದಾಗ ಅಲಿಗೇಟರ್ ಬಾಲ, ಮೂತಿ, ಕಾಲಿನಿಂದ ಕೆಸರು ತೋಡಿ ಹೊಂಡ ಮಾಡಿಕೊಳ್ಳುತ್ತದೆ. ಸುತ್ತ ಎಲ್ಲ ಬತ್ತಿದರೂ ಅಲ್ಲಿ ನೀರು ಉಳಿಯುತ್ತದೆ. ಮೀನು, ಬಸವನ ಹುಳು, ಆಮೆ ಅಲ್ಲಿ ಬದುಕುತ್ತವೆ, ಹಕ್ಕಿಗಳಿಗೆ ಊಟ ಸಿಗುತ್ತದೆ. ಮತ್ತೆ ಮಳೆ ಬಂದಾಗ ಅಲ್ಲಿಂದಲೇ ಜೌಗು ತುಂಬಿಕೊಳ್ಳುತ್ತದೆ. ಕೊಕ್ಕರೆಗಳು ಅಲಿಗೇಟರ್ ಇರುವ ನೀರಿನ ಮೇಲಿನ ಮರಗಳನ್ನೇ ಹುಡುಕಿ ಗೂಡು ಕಟ್ಟುತ್ತವೆ. ಮೊಟ್ಟೆ ಕದಿಯುವ ರಕೂನ್‌ಗಳು ಆ ನೀರು ದಾಟಲು ಹೆದರುತ್ತವೆ. ಈ ಕಾವಲಿಗೆ ಬಾಡಿಗೆ ಎಂಬಂತೆ, ಗೂಡಿನಿಂದ ಬಿದ್ದ ಹಕ್ಕಿಮರಿ ಅಲಿಗೇಟರ್‌ಗೆ ಸಿಗುತ್ತದೆ.

ನಮ್ಮ ಕೊಳದ್ದನ್ನು ಟಾರ್ಚ್ ಬಿಟ್ಟು ನೋಡಿದೆವು. ಕಣ್ಣಿಂದ ಮೂಗಿಗೆ ಮೂರಿಂಚು ಇರಬಹುದು, ಅಂದರೆ ಮೂರಡಿ. ನಾವು ವರಾಂಡದ ಮೆಟ್ಟಿಲು ಇಳಿದರೆ ಸಾಕು, ಮುಳುಗುತ್ತದೆ. ಆರಡಿ ಆಗಲು ಇನ್ನೂ ಹಲವು ವರ್ಷ ಬೇಕು. ಉಳಿದ ಅನ್ನವನ್ನು ಅಮ್ಮ ಈಗ ಮನೆ ಮುಂದಿನ ಕರಿಬೇವಿನ ಬುಡದ ಗೊಬ್ಬರದ ಡಬ್ಬಿಗೆ ಹಾಕುತ್ತಾರೆ. ಸಂಜೆ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೊಳ ನೋಡುತ್ತ ಕೂರುತ್ತಾರೆ. ನಿನ್ನೆ ಊರಿಗೆ ಫೋನ್ ಮಾಡಿ ತಂಗಿಗೆ ಹೇಳುತ್ತಿದ್ದರು: "ಇಲ್ಲ ಕಣೇ, ಇನ್ನೂ ಮರಿ ಅದು. ನಮ್ಮನ್ನ ಕಂಡ್ರೆ ಹೆದರುತ್ತೆ."